ಕವುಚಿ ಹಂಚಿದ ಫೋಟೋಗಳು

ಮೇಸ್ತ್ರಿ ತೀರಿಕೊಂಡ. ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಯಲ್ಲಿ. ಅವನ ಹೆಂಡತಿ ಕೆಳಗಿನ ಕ್ಯಾಂಟೀನಿನಲ್ಲಿ ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಂಡು ಮೇಲೆ ಬರುವಷ್ಟರಲ್ಲಿ ಮುಗಿದಿತ್ತು. ಆ ಫ್ಲಾಸ್ಕನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರಂತೆ. ಶ್ವಾಸಕೋಶದ ಕಾಯಿಲೆ. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು, ಅವನೂ ಹೇಳಿದ್ದ.

ಅವನು ಗೋಡೆ ಕಟ್ಟುವ ಮೇಸ್ತ್ರಿಯಲ್ಲ, ಹಲ್ಲು ಕಟ್ಟುವವನು. ಕಟ್ಟುವವನು ಯಾವನಾದರೇನು, ಮೇಸ್ತ್ರಿಯೇ ತಾನೆ ಎಂದು ಯಾರೋ ತಮಾಷೆಗೆ ಅಂದದ್ದು ಅವನ ಹೆಸರನ್ನೇ ನುಂಗಿಹಾಕಿತು. ಕೊನೆಕೊನೆಗೆ ಅವನ ಹೆಂಡತಿ ಕೂಡ ಫೋನಿನಲ್ಲಿ, "ಮೇಸ್ತ್ರಿ ಮನೆಯಲ್ಲಿಲ್ಲ, ಆಮೇಲೆ ಮಾಡಿ" ಎನ್ನುತ್ತಿದ್ದರು.

ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆ ಅವನ ಜಾಗ. ಇದ್ದ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಒಸಡು ಬೇಯಿಸಿ, ಮೋಟರಿಗೆ ಹಿಡಿದು ಉಜ್ಜಿ ನಯ ಮಾಡುತ್ತಿದ್ದ. ಆ ಗುಲಾಬಿ ಧೂಳು ಅವನ ಹುಬ್ಬಿನ ಮೇಲೆ, ಲೋಟದ ಅಂಚಿನ ಮೇಲೆ, ಗೋಡೆಯ ಕ್ಯಾಲೆಂಡರಿನ ಮೇಲೆ ಕೂತಿರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು ಎಂದು ಡಾಕ್ಟರು ಹೇಳಿದರು, ಹೆಂಡತಿ ಹೇಳಿದರು, ಗೆಳೆಯನಾದ ನಾನೂ ಹೇಳಿದೆ. "ಬಟ್ಟೆ ಕಟ್ಕೊಂಡ್ರೆ ಮಾತಾಡೋದು ಹೇಗೆ?" ಎನ್ನುತ್ತಿದ್ದ. ಮಾತಾಡಿದ. ಧೂಳು ಒಳಗೆ ಹೋಯಿತು.

ರಸ್ತೆಯಲ್ಲಿ ಅವನ ಜೊತೆ ನಡೆಯುವುದೆಂದರೆ ಒಂದು ಮಜ. ಎದುರಿಗೆ ಬಂದವರ ಬಾಯಿಯನ್ನೇ ನೋಡುತ್ತಿದ್ದ. ಅವರು ದಾಟಿ ಹೋದ ಮೇಲೆ ನನ್ನ ಮೊಣಕೈಗೆ ತಿವಿದು, "ಆ ನಗು ನಂದು" ಎನ್ನುತ್ತಿದ್ದ. ಒಬ್ಬ ವಕೀಲರು ಮೇಲಿನ ಹಲ್ಲಿನ ಸೆಟ್ಟು ತಡವಾಯಿತೆಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಎಗರಾಡುತ್ತಿದ್ದಾಗ ಇವನು ಕೈ ಕಟ್ಟಿ ನಿಂತು, "ಸಾರ್, ಸ್ವಲ್ಪ ಮೆಲ್ಲಗೆ ಬೈರಿ. ಕೆಳಗಿನದು ಇನ್ನೂ ಕೂತಿಲ್ಲ, ಜಾರಿ ಬಿದ್ರೆ ನಿಮಗೇ ಅವಮಾನ" ಎಂದಿದ್ದ. ವಕೀಲರು ಬಾಯಿ ಮುಚ್ಚಿದರು.

ಅವನ ಕೈ ತಪ್ಪಿದ್ದು ಒಂದೇ ಬಾಯಿಯಲ್ಲಿ. ಅದು ಅವನ ತಾಯಿಯದು.

ಆ ತಾಯಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಅವರ ವಾಸ. ನಕ್ಕರೆ ಕೆಳಗೆ ಸೈಕಲ್ಲಿನವನಿಗೂ ಕೇಳಿಸಬೇಕು, ಹಾಗೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಮೇಲಿನ ಸಾಲಿನ ಮುಂದಿನ ಒಂದು ಹಲ್ಲು ಓರೆಯಾಗಿ, ಪಕ್ಕದ ಹಲ್ಲಿನ ಹೆಗಲ ಮೇಲೆ ಕೈ ಹಾಕಿಕೊಂಡ ಹಾಗೆ ಇತ್ತು. ಒಸಡಿನ ರೋಗ ಬಂದು ಒಂದೇ ಬೇಸಿಗೆಯಲ್ಲಿ ಹಲ್ಲೆಲ್ಲ ತೆಗೆಸಬೇಕಾಯಿತು. ಆಗ ಮೇಸ್ತ್ರಿ ಕೆಲಸ ಕಲಿತು ಹೊರಬಿದ್ದ ಹೊಸತು. ತಾಯಿಯ ಸೆಟ್ಟನ್ನು ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ಕಲಿತದ್ದನ್ನೆಲ್ಲ ಅದರಲ್ಲೇ ತೋರಿಸಿದ. ಬಿಳೀ ಹಲ್ಲು, ಒಂದೇ ಅಳತೆ, ಬೇಲಿ ನೆಟ್ಟ ಹಾಗೆ ನೇರ ಸಾಲು.

ತಾಯಿ ಕನ್ನಡಿ ನೋಡಿಕೊಂಡು, "ಚೆನ್ನಾಗಿದೆ ಕಣೋ" ಎಂದರು.

ಆಮೇಲೆ ಅವರು ಹಾಗೆ ನಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡುವುದು ಅಭ್ಯಾಸವಾಯಿತು. ಮಗ ಇಲ್ಲದಾಗ ಪಕ್ಕದ ಮನೆಯವರ ಹತ್ತಿರ, "ಈ ಬಾಯಿ ನನ್ನ ಮಗಂದು. ನಂದು ಹೋಯ್ತು" ಅಂದದ್ದು ಹೇಗೋ ಅವನ ಕಿವಿಗೂ ಬಿತ್ತು. ಬೇರೆ ಸೆಟ್ಟು ಮಾಡುತ್ತೇನೆ, ನಿನ್ನ ಹಲ್ಲು ಇದ್ದ ಹಾಗೇ ಮಾಡುತ್ತೇನೆ ಎಂದು ದುಂಬಾಲು ಬಿದ್ದ. ಆದರೆ ಇದ್ದದ್ದು ಹೇಗೆ? ಎಡಗಡೆಯದು ಬಲಗಡೆಯದರ ಮೇಲೆ ಏರಿತ್ತೋ, ಬಲಗಡೆಯದು ಎಡಗಡೆಯದರ ಮೇಲೋ? ಎಷ್ಟು ಏರಿತ್ತು? ದಿನಾ ನೋಡಿದ ಬಾಯಿ, ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲ. "ನೀನೇ ಹೇಳಮ್ಮ" ಎಂದರೆ, "ನನ್ನ ಬಾಯಿ ನಾನೇನು ನೋಡ್ಕೊಂಡು ನಗ್ತಿದ್ನಾ? ಬಿಡು, ರೂಢಿಯಾಗಿದೆ" ಎಂದರು.

ಅಲ್ಲಿಂದ ಮುಂದೆ ಯಾರೇ ಹಲ್ಲು ಕಟ್ಟಿಸಲು ಬರಲಿ, ಅಚ್ಚು ತೆಗೆಯುವುದಕ್ಕೂ ಮೊದಲು ಇವನದೊಂದು ಬೇಡಿಕೆ ಇರುತ್ತಿತ್ತು. "ಹಳೇ ಫೋಟೋ ಇದ್ರೆ ತನ್ನಿ. ನಗ್ತಾ ಇರೋದು." ಜನ ತರುತ್ತಿದ್ದರು. ಎಲ್ಲರೂ ಕಟಕಟೆಯಲ್ಲಿ ನಿಂತವರ ಹಾಗೆ ತುಟಿ ಬಿಗಿದುಕೊಂಡ ಫೋಟೋಗಳು. ಅವನು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸುತ್ತಿದ್ದ. "ನೋಡೋ, ಇವರು ಫೋಟೋಗೆ ನಿಂತಿದಾರೋ, ಯಾರದೋ ಗುಟ್ಟು ಕಾಯ್ತಿದಾರೋ? ಈ ದೇಶದಲ್ಲಿ ಕ್ಯಾಮರಾ ಕಂಡ್ರೆ ಒಬ್ಬರಿಗೂ ಹಲ್ಲೇ ಇರಲ್ಲ."

ಅವನ ಅಪ್ಪನಿಗೆ ಕ್ಯಾಮರಾದ ಹುಚ್ಚಿತ್ತು. ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ, ಮನೆಗೆ ಬಂದರೆ ಕೊರಳಿಗೆ ಕ್ಯಾಮರಾ. ಹೆಂಡತಿ ಮಕ್ಕಳನ್ನು, ನೆಂಟರನ್ನು, ಮಾಳಿಗೆಯ ಮೇಲೆ ಒಣಗುವ ಬಟ್ಟೆಯನ್ನು ತೆಗೆದದ್ದೇ ತೆಗೆದದ್ದು. ಹೆಂಡತಿಯ ಹಲ್ಲು ಹೋಗುವ ಮೊದಲೇ ಅವರು ಸತ್ತರು. ಫೋಟೋಗಳು ಬಿಸ್ಕತ್ತಿನ ಡಬ್ಬಗಳಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ, ಹಗ್ಗ ಬಿಗಿಸಿಕೊಂಡು ಬೀರುವಿನ ತಲೆಯ ಮೇಲೆ ಕೂತವು. ತಾಯಿ ಅವನ್ನು ಬಿಚ್ಚಲು ಬಿಡಲಿಲ್ಲ. ಬಿಚ್ಚಿದ್ದು ಅವರೂ ಸತ್ತ ಮೇಲೆ, ಮನೆ ಖಾಲಿ ಮಾಡಿ ಬೀಗದ ಕೈ ಮಾಲೀಕರಿಗೆ ಒಪ್ಪಿಸಬೇಕಾದ ದಿನ.

ಮಕ್ಕಳು ಮೂವರು. ದೊಡ್ಡವರು ಅಣ್ಣ, ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಆಮೇಲೆ ಅಕ್ಕ. ಕೊನೆಯವನು ಮೇಸ್ತ್ರಿ. ಅಂದು ಸಾಮಾನು ಹೊರಲು ನಾನೂ ಹೋಗಿದ್ದೆ. ಮಂಚ, ಗಡಿಯಾರ, ಹೊಲಿಗೆ ಯಂತ್ರ, ಪಾತ್ರೆ ಎಂದು ಬೆಳಿಗ್ಗೆಯಿಂದ ಹಂಚಿಕೆ ನಡೆದು, ಮಧ್ಯಾಹ್ನದ ಹೊತ್ತಿಗೆ ಮೂವರ ಮುಖವೂ ಗಂಟಾಗಿತ್ತು. ಉಳಿದದ್ದು ಫೋಟೋ.

"ಫೋಟೋ ಎಲ್ಲ ನನ್ನ ಹತ್ರ ಇರ್ಲಿ. ಹಿರಿಯ ನಾನು" ಎಂದರು ಅಣ್ಣ.

"ಗಡಿಯಾರ ನಿನ್ನ ಹತ್ರ, ಮಂಚ ನಿನ್ನ ಹತ್ರ. ಇನ್ನು ಅಪ್ಪ ಅಮ್ಮನ್ನೂ ನೀನೇ ಕಟ್ಕೊಂಡು ಹೋಗು" ಎಂದಳು ಅಕ್ಕ.

"ನಿನ್ನ ಕೈಗೆ ಕೊಟ್ರೆ ಮೂಲೆಗೆ ಹಾಕ್ತೀಯ."

"ನಾನು ಮೂಲೆಗೆ ಹಾಕಿದ್ರೂ ಮನೇಲಿಟ್ಕೋತೀನಿ. ನೀನು ಫೈಲಿಗೆ ಹಾಕ್ತೀಯ."

ಆಗ ಮೇಸ್ತ್ರಿ ಬಾಯಿ ಹಾಕಿದ. ಎಲ್ಲ ಫೋಟೋಗಳನ್ನೂ ಒಟ್ಟು ಮಾಡಿ, ಕಲಸಿ, ಕವುಚಿ ಹಾಕಿ, ಇಸ್ಪೀಟಿನ ಹಾಗೆ ಮೂರು ಪಾಲು ಹಂಚೋಣ. ಯಾರಿಗೆ ಏನು ಬೀಳುತ್ತದೋ ಅದು ಅವರದು. ಆಮೇಲೆ ಬದಲಾಯಿಸಿಕೊಳ್ಳುವ ಮಾತಿಲ್ಲ, ಬದಲಾಯಿಸಲು ಹೊರಟರೆ ಮತ್ತೆ ಜಗಳ. ಜಗಳಕ್ಕೆ ಸಾಕಾಗಿದ್ದ ಇಬ್ಬರೂ ಒಪ್ಪಿದರು. ತಲೆಯ ಮೇಲಿನ ಭಾರ ಇಳಿದ ಹಾಗೆ ಮೂವರೂ ಬರಿನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಹಂಚಿದ್ದು ಮೇಸ್ತ್ರಿಯೇ.

ಅಂದು ಬೆಳಿಗ್ಗೆ ಪೆಟ್ಟಿಗೆ ಇಳಿಸುವಾಗ ಅವನು ಒಂದು ಫೋಟೋ ಕಂಡಿದ್ದ. ಮಾಳಿಗೆಯ ಮೇಲೆ ಅಮ್ಮ, ಕೈಯಲ್ಲಿ ಒದ್ದೆ ಬಟ್ಟೆ, ಕ್ಯಾಮರಾದ ಹಿಂದಿದ್ದ ಗಂಡ ಏನೋ ಅಂದಿದ್ದಾರೆ, ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತುಂಬ ನಗುತ್ತಿದ್ದಾರೆ. ಹಲ್ಲು ಅಷ್ಟೂ ಕಾಣುತ್ತಿದ್ದವು, ಓರೆಯದೂ ಸೇರಿ. ಎಡಗಡೆಯದು ಬಲಗಡೆಯದರ ಮೇಲೆ ಏರಿತ್ತು. ಅದನ್ನು ಯಾರೋ ಯಾವುದೋ ಕಾಲದಲ್ಲಿ ಆಲ್ಬಮ್ಮಿನಿಂದ ಕಿತ್ತಿದ್ದರಿಂದ ಹಿಂಬದಿಗೆ ಕಪ್ಪು ಕಾಗದದ ಚೂರು ಅಂಟಿಕೊಂಡಿತ್ತು. ಕವುಚಿದ ರಾಶಿಯಲ್ಲಿ ಅದು ಮೇಲಕ್ಕೆ ಬಂದಾಗ ಅವನಿಗೆ ಗುರುತು ಸಿಕ್ಕಿತು. ಪಾಳಿ ಅಣ್ಣನದು.

"ಕೈ ತಡವರಿಸಿತು ಕಣೋ" ಎಂದು ಆಮೇಲೆ ನನಗೆ ಹೇಳಿದ. "ಒಂದು ಎಲೆ ಕೆಳಗಿಂದ ಎಳೆದಿದ್ರೆ ಸಾಕಿತ್ತು. ಆದ್ರೆ ರೂಲು ಮಾಡಿದ್ದು ನಾನು." ಅಣ್ಣನ ರಾಶಿಗೆ ಹಾಕಿದ.

ಹೀಗೆ ನ್ಯಾಯವಾಗಿ ಹಂಚಿಕೆಯಾಯಿತು. ಅಕ್ಕನ ಮದುವೆಯ ಫೋಟೋಗಳು ಬಹುಪಾಲು ಅಣ್ಣನ ಮನೆಗೆ ಹೋದವು. ಅಣ್ಣ ಶಾಲೆಯಲ್ಲಿ ಬಹುಮಾನದ ಬಟ್ಟಲು ಹಿಡಿದು ನಿಂತದ್ದು, ಅವರು ಮೀಸೆ ಬರಿಸಿಕೊಂಡು ಕಾಲೇಜಿಗೆ ಹೊರಟದ್ದು ಅಕ್ಕನಿಗೆ ಬಂದವು. ಅಕ್ಕ ಅಣ್ಣನ ಮೇಲೆ ಸಿಟ್ಟು ಬಂದಾಗಲೆಲ್ಲ ಫೋನು ಮಾಡಿ, "ನಿನ್ನ ಬಾಲ್ಯ ನನ್ನ ಬೀರೂಲಿದೆ, ಜೋಕೆ" ಎನ್ನುತ್ತಿದ್ದಳು. ಅಣ್ಣ ಬಟ್ಟಲಿನ ಫೋಟೋ ಕೇಳಿ ಕಳಿಸಿದರೆ ಅಕ್ಕ ಮದುವೆಯ ಫೋಟೋ ಕೇಳುತ್ತಿದ್ದಳು. ಮೊದಲು ಕೊಡುವುದು ಯಾರೆಂಬಲ್ಲಿ ಮಾತು ನಿಲ್ಲುತ್ತಿತ್ತು. ಒಬ್ಬರ ನೆನಪನ್ನು ಇನ್ನೊಬ್ಬರು ಒತ್ತೆ ಇಟ್ಟುಕೊಂಡ ಹಾಗೆ ಮೂವರೂ ವಯಸ್ಸಾದರು.

ಮೇಸ್ತ್ರಿ ಒಂದು ಸಲ ಅಣ್ಣನ ಮನೆಗೆ ಹೋಗಿ ಆ ಫೋಟೋ ನೋಡುತ್ತೇನೆ ಎಂದ. ಕೊಡಬೇಡ, ತೋರಿಸು ಸಾಕು.

"ನೋಡೋದೇನು, ಕಾಪಿ ಮಾಡಿಸ್ಕೋತೀಯ. ಆಮೇಲೆ ಪಾಲು ಅನ್ನೋದಕ್ಕೆ ಅರ್ಥ ಏನು? ರೂಲು ಮಾಡಿದ್ದು ಯಾರಪ್ಪ?" ಎಂದರಂತೆ ಅಣ್ಣ. ಅತ್ತಿಗೆ ಕೊಟ್ಟ ಕಾಫಿ ಕುಡಿದು ಎದ್ದು ಬಂದ. ಮತ್ತೆ ಕೇಳಲಿಲ್ಲ.

ಶ್ವಾಸ ಕೈ ಕೊಡಲು ಶುರುವಾಗಿ, ಕೆಲಸ ಬಿಡಬೇಕೆಂದು ಆಸ್ಪತ್ರೆಯ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ ವರ್ಷ, ಹಲ್ಲು ಕಟ್ಟಿಸಲು ಬಂದ ನಿವೃತ್ತ ಉಪನ್ಯಾಸಕರೊಬ್ಬರು ಹಳೇ ಫೋಟೋ ತನ್ನಿ ಎಂದದ್ದಕ್ಕೆ ಒಂದು ಪುಸ್ತಕವನ್ನೇ ತಂದರು. ಅವರ ಮನೆಯ ಹಳೇ ಫೋಟೋಗಳನ್ನೆಲ್ಲ ಸೇರಿಸಿ, ಕೆಳಗೆ ವಿವರ ಬರೆದು, ಗಟ್ಟಿ ರಟ್ಟು ಹಾಕಿ ಅಚ್ಚು ಮಾಡಿಸಿದ ಪುಸ್ತಕ. ಮನೆಮಂದಿಗೆಲ್ಲ ಒಂದೊಂದು ಪ್ರತಿ. ಮೇಸ್ತ್ರಿ ಅವರ ಬಾಯಿ ನೋಡುವುದನ್ನು ಮರೆತು ಪುಸ್ತಕ ತಿರುವುತ್ತ ಕೂತನಂತೆ. ಅಂದು ಸಂಜೆಯೇ ನನ್ನ ಮನೆಗೆ ಬಂದ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ ಮಾತು ಶುರುವಾಯಿತು.

"ರೂಲು ಮುರೀಬೇಕಾಗಿಲ್ಲ ಕಣೋ. ಯಾರ ಪಾಲೂ ಯಾರಿಗೂ ಕೊಡೋದಿಲ್ಲ. ಪುಸ್ತಕಕ್ಕೆ ಸ್ಕ್ಯಾನ್ ಮಾಡಿ ವಾಪಸ್ಸು. ಎಲ್ಲರ ಕೈಯಲ್ಲೂ ಎಲ್ಲ ಇರುತ್ತೆ."

"ನಿಂಗ್ಯಾಕೆ ಈಗ ಪುಸ್ತಕದ ಉಸಾಬರಿ?"

"ನಂಗೆ ಪುಸ್ತಕ ಬೇಡ. ಆ ಒಂದು ಫೋಟೋ ಬೇಕು. ಫೋಟೋ ಅಂದ್ರೆ ಅಣ್ಣ ಕೊಡಲ್ಲ. ಪುಸ್ತಕ ಅಂದ್ರೆ ಕೊಡ್ತಾನೆ. ಪುಸ್ತಕದಲ್ಲಿ ಅವನ ಹೆಸರು ಬರುತ್ತಲ್ಲ." ಆಮೇಲೆ, "ಸಾಯೋದ್ರೊಳಗೆ ಅಮ್ಮನ ಬಾಯಿ ಒಂದ್ಸಲ ನೋಡ್ಬೇಕು. ನಾನು ಮಾಡಿದ್ದಲ್ಲ, ಅವಳದು" ಎಂದ.

ಅವನ ಲೆಕ್ಕಾಚಾರ ಸರಿಯಾಗಿತ್ತು. ಅಣ್ಣ ಒಪ್ಪಿದರು. ಮೊದಲ ಪುಟದಲ್ಲಿ ತಮ್ಮದೊಂದು ಮುನ್ನುಡಿ ಇರಬೇಕೆಂದರು, ಆಯಿತು ಎಂದೆವು. ತಮ್ಮ ಪಾಲಿನ ಫೋಟೋಗಳನ್ನು ತಾವೇ ಸಿದ್ಧ ಮಾಡಿಸಿ ತರುತ್ತೇವೆ, ಯಾರೂ ಮನೆಗೆ ಬಂದು ಕೆದಕುವುದು ಬೇಡ ಎಂದರು. ಅದಕ್ಕೂ ಆಯಿತು ಎಂದೆವು. ಅಕ್ಕ ತನ್ನ ಪಾಲನ್ನು ದಿಂಬಿನ ಚೀಲದಲ್ಲಿ ತುಂಬಿ ಆಟೋದಲ್ಲಿ ತಂದು ಊಟದ ಮೇಜಿನ ಮೇಲೆ ಸುರಿದಳು. ಫೋಟೋಗಳ ಕೆಳಗಿನ ಸಾಲುಗಳನ್ನು ಬರೆಯುವುದು, ತಿದ್ದುವುದು ನನ್ನ ಪಾಲಿಗೆ ಬಂತು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಸ್ತ್ರಿ ಆ ತಿಂಗಳುಗಳಲ್ಲಿ ಇದ್ದಷ್ಟು ಗೆಲುವಾಗಿ ಮತ್ತೆಂದೂ ಇರಲಿಲ್ಲ. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡೇ ಫೋಟೋಗಳನ್ನು ಹತ್ತಿಯಲ್ಲಿ ಒರೆಸಿ, ವಯಸ್ಸಿನ ಪ್ರಕಾರ ಜೋಡಿಸುತ್ತಿದ್ದ. ಅವನ ಹೆಂಡತಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ಊಟದ ಮೇಜಿನ ಮೇಲೆ ಪ್ಲಾಸ್ಟರ್ ಬಾಯಿ ಇಲ್ಲ ಅಂತ ಸಂತೋಷಪಟ್ಟೆ. ಈಗ ಇಡೀ ವಂಶವೇ ಬಂದು ಕೂತಿದೆ" ಎಂದು ತಟ್ಟೆ ಇಡಲು ಜಾಗ ಹುಡುಕುತ್ತಿದ್ದರು.

ವಿವರದ ಸಾಲುಗಳ ಮೇಲೆ ಅಣ್ಣನ ತಕರಾರು ಫೋನಿನಲ್ಲಿ ಬರುತ್ತಿತ್ತು. ತಮ್ಮ ಪ್ರತಿ ಫೋಟೋದ ಕೆಳಗೂ ಹುದ್ದೆ ಹಾಕಬೇಕು. ಚಾಪೆಯ ಮೇಲೆ ಬತ್ತಲೆ ಮಲಗಿದ ಕೂಸಿನ ಫೋಟೋ ಒಂದಿತ್ತು, ಅದರ ಕೆಳಗೂ.

"ಚಾಪೆ ಮೇಲೂ ಸೂಪರಿಂಟೆಂಡೆಂಟಾ?" ಎಂದು ಅಕ್ಕ ಫೋನು ಕಿತ್ತುಕೊಂಡು ಕೇಳಿದಳು. "ಚಡ್ಡಿ ಇಲ್ಲದ ಅಧಿಕಾರಿ ಅಂತ ಹಾಕಿಸ್ಲಾ?"

ಆ ಕಡೆಯಿಂದ ಏನು ಬಂತೋ, ಮೇಸ್ತ್ರಿ ನಕ್ಕು ನಕ್ಕು ಕೆಮ್ಮು ಹತ್ತಿ, ಕೊಳವೆ ಕಿತ್ತು, ಹೆಂಡತಿ ಬೆನ್ನು ನೀವಬೇಕಾಯಿತು. ಕೊನೆಗೆ ಹುದ್ದೆ ಹಾಕಿದೆವು. ಆ ಫೋಟೋ ಬರುವ ತನಕ ಅಣ್ಣ ಏನು ಕೇಳಿದರೂ ಕೊಡು ಎಂದು ಮೇಸ್ತ್ರಿ ನನಗೆ ಹೇಳಿಟ್ಟಿದ್ದ.

ಅಣ್ಣ ಬಂದ ದಿನ ನಾನು ಅಲ್ಲೇ ಇದ್ದೆ. ಇಸ್ತ್ರಿ ಹಾಕಿದ ಅಂಗಿ, ಕಂಕುಳಲ್ಲಿ ದೊಡ್ಡ ಲಕೋಟೆ. ಎಷ್ಟೋ ವರ್ಷಗಳ ಮೇಲೆ ತಮ್ಮನ ಮನೆಗೆ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರದೆ, ಲಕೋಟೆ ಬಿಚ್ಚಿ, ಹೊಳೆಯುವ ಹೊಸ ಕಾಗದದ ಮೇಲೆ ಮುದ್ರಿಸಿದ ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಲೆ ಇಲ್ಲ, ಮಡಿಕೆ ಇಲ್ಲ, ಹಳದಿ ಇಲ್ಲ. ಸ್ಟುಡಿಯೋದಲ್ಲಿ ಕೊಟ್ಟು ಒಂದೊಂದನ್ನೂ ರಿಪೇರಿ ಮಾಡಿಸಿದ್ದರು.

ಮೇಸ್ತ್ರಿ ಅವನ್ನು ಒಂದೊಂದಾಗಿ ಸರಿಸುತ್ತ ಹೋದ. ಅಕ್ಕನ ಮದುವೆಯನ್ನು ಕಣ್ಣೆತ್ತಿ ನೋಡಲಿಲ್ಲ. ತನ್ನದೇ ಬಾಲ್ಯದ ಫೋಟೋವನ್ನು ಪಕ್ಕಕ್ಕೆ ತಳ್ಳಿದ. ಮಾಳಿಗೆಯ ಫೋಟೋ ಬಂತು. ಎರಡೂ ಕೈಯಲ್ಲಿ ಎತ್ತಿಕೊಂಡ.

ಒದ್ದೆ ಬಟ್ಟೆ ಇತ್ತು. ಹಿಂದಕ್ಕೆ ಚೆಲ್ಲಿದ ತಲೆ ಇತ್ತು. ಬಾಯಿ ತುಂಬ ನಗು ಇತ್ತು. ನಗುವಿನೊಳಗೆ ಹಲ್ಲುಗಳು ಬಿಳೀ ಬೇಲಿಯ ಹಾಗೆ ನೇರವಾಗಿ ನಿಂತಿದ್ದವು.

"ಗೊತ್ತಾಯ್ತಾ?" ಎಂದರು ಅಣ್ಣ. ಅವರ ದನಿಯಲ್ಲಿ ನಾನೆಂದೂ ಕೇಳದ ಒಂದು ಮೆದುತನ ಇತ್ತು. "ಹಳೇ ಫೋಟೋದಲ್ಲಿ ಬಾಯಿ ಹತ್ರಾನೇ ಬೂಸ್ಟು ಹಿಡಿದಿತ್ತು. ಆ ಸೊಟ್ಟ ಹಲ್ಲು ಬೇರೆ. ನಮ್ಮ ಹೊಸ ಮನೆಗೆ ಬಂದಾಗ ಅಮ್ಮಂದು ಒಂದು ಫೋಟೋ ತೆಗೆಸಿದ್ವಲ್ಲ, ಫೋಟೋದವನು ನಗಿ ನಗಿ ಅಂತ ಪ್ರಾಣ ತಿಂದಿದ್ದ, ಅದನ್ನ ಕೊಟ್ಟು ಇದೇ ಹಲ್ಲು ಕೂರಿಸಿ ಅಂದೆ. ನೀನು ಕಟ್ಟಿದ್ದೇ ಕಣೋ. ನಿನ್ನ ಕೈಕೆಲಸ. ಪುಸ್ತಕದಲ್ಲಿ ಅದೂ ಇರ್ಲಿ ಅಂತ."

ಮೇಸ್ತ್ರಿಗೆ ಅವರು ಹೇಳುವ ಮೊದಲೇ ಗೊತ್ತಾಗಿತ್ತು. ಅವನ ಹೆಬ್ಬೆರಳು ಆ ಮುಂದಿನ ಸಾಲಿನ ಮೇಲೆ ಒಂದು ಸಲ ಹರಿದಾಡಿತು. "ಚೆನ್ನಾಗಿದೆ ಕಣೋ ಅಣ್ಣ" ಎಂದ.

ಅಣ್ಣ ಆಗ ಕೂತರು. ಕಾಫಿ ಕುಡಿದರು. ತಮ್ಮನ ಬೆನ್ನ ಮೇಲೆ ಕೈ ಇಟ್ಟು, ಒಳ್ಳೇ ಡಾಕ್ಟರೊಬ್ಬರಿದ್ದಾರೆ, ತೋರಿಸೋಣ ಎಂದರು.

"ಹಳೇದು ಎಲ್ಲಿದೆ?" ಎಂದು ಮೇಸ್ತ್ರಿ ಕೇಳಿದ, ಏನೂ ಅಲ್ಲವೆಂಬ ಹಾಗೆ.

"ಹಳೇವೆಲ್ಲ ಎಸೆದ್ವಿ. ನಿಮ್ಮತ್ತಿಗೆಗೆ ಬೂಸ್ಟಿನ ವಾಸನೆ ಆಗಲ್ಲ. ಇನ್ನು ಅದ್ಯಾಕೆ, ಹೊಸದಿದೆಯಲ್ಲ."

ಮರುದಿನ ನನ್ನನ್ನು ಕರೆದುಕೊಂಡು ಆ ಸ್ಟುಡಿಯೋಗೆ ಹೊರಟ. ಮನೆಯಿಂದ ಹೊರಗೆ ಕಾಲಿಡಬಾರದ ಸ್ಥಿತಿ. ಝೆರಾಕ್ಸು, ಲ್ಯಾಮಿನೇಶನ್ನು, ಪಾಸ್‌ಪೋರ್ಟ್ ಫೋಟೋ ಎಲ್ಲ ಒಂದೇ ಕಡೆ ಮಾಡುವ ಮಹಡಿಯ ಮೇಲಿನ ಅಂಗಡಿ. ಮೆಟ್ಟಿಲಿನ ನಡುವೆ ಕೂತು, ಎದ್ದು, ಮತ್ತೆ ಕೂತು ಹತ್ತಿದ. ಕಂಪ್ಯೂಟರಿನ ಮುಂದಿದ್ದ ಹುಡುಗಿಗೆ ಫೋಟೋ ತೋರಿಸುತ್ತಲೇ ಗುರುತು ಸಿಕ್ಕಿತು.

"ಆ ಅಜ್ಜಿದಾ ಅಂಕಲ್? ಅದಕ್ಕೆ ತುಂಬ ಕಷ್ಟಪಟ್ಟಿದೀನಿ. ಎರಡು ಫೋಟೋದಲ್ಲೂ ಮುಖ ಬೇರೆ ಬೇರೆ ಕಡೆ ತಿರುಗಿತ್ತು."

"ರಿಪೇರಿಗೆ ಮುಂಚೆ ಸ್ಕ್ಯಾನ್ ಮಾಡಿರ್ತೀಯಲ್ಲಮ್ಮ, ಅದು ಬೇಕಿತ್ತು."

ಹುಡುಗಿ ಹುಡುಕಿದಳು. ಫೋಲ್ಡರು ಬಿಚ್ಚಿದಳು, ಅಳಿಸಿದವುಗಳಲ್ಲಿ ನೋಡಿದಳು, ಒಳಗೆ ಹೋಗಿ ಮಾಲೀಕನನ್ನು ಕೇಳಿ ಬಂದಳು. "ಅದರ ಮೇಲೇ ಸೇವ್ ಮಾಡ್ಬಿಟ್ಟಿದೀನಿ ಅಂಕಲ್. ಹಳೇದನ್ನ ಯಾರೂ ಕೇಳೋದೇ ಇಲ್ಲ. ಯಾಕೆ, ಏನಾದ್ರೂ ತಪ್ಪಾಗಿದೆಯಾ?"

"ಇಲ್ಲಮ್ಮ. ಜೋಡಣೆ ಚೊಕ್ಕವಾಗಿದೆ. ತುಟಿ ಹತ್ರ ಗೆರೆ ಕೂಡ ಕಾ‌ಣಲ್ಲ. ಇಷ್ಟು ಚೆನ್ನಾಗಿ ನನಗೂ ಕೂರಿಸೋಕೆ ಬಂದಿರ್ಲಿಲ್ಲ."

ಕೆಳಗಿಳಿದು ಬಂದು ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತೆವು. ಬಸ್ಸುಗಳು ಹೋಗುತ್ತಿದ್ದವು. ಅವನಿಗೆ ಉಸಿರು ಒಟ್ಟು ಮಾಡಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ನಾನು ಮಾಡಿದ್ದನ್ನ ರಾತ್ರಿ ಮಲಗೋವಾಗ ತೆಗೆದು ಲೋಟದ ನೀರಿಗೆ ಹಾಕ್ತಿದ್ಲು. ಅಷ್ಟು ಹೊತ್ತಾದ್ರೂ ಅವಳ ಬಾಯಿ ಅವಳದಾಗಿರ್ತಿತ್ತು" ಎಂದ. "ಇದನ್ನ ತೆಗೆಯೋಕೂ ಆಗಲ್ಲ."

ಆ ಫೋಟೋವನ್ನು ಪುಸ್ತಕದಿಂದ ಕೈಬಿಡೋಣ ಎಂದೆ. ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ, ಏನು ಮಾಡಿದ್ದಾರೆಂದು ಅವರಿಗೆ ತಿಳಿಯಲಿ ಎಂದೆ.

"ಏನಂತ ಹೇಳ್ತೀಯ? ಜೀವಮಾನದಲ್ಲಿ ಒಂದ್ಸಲ ನನಗೆ ಅಂತ ಯೋಚನೆ ಮಾಡಿ ಏನೋ ಮಾಡಿಸಿದಾನೆ. ಅದಕ್ಕೆ ಮುಂಚೆ ಎಂದೂ ನನ್ನ ಕೆಲಸ ಚೆನ್ನಾಗಿದೆ ಅಂದವನಲ್ಲ. ಬೇಡ. ಹೇಳಬೇಡ."

ಅವನು ಇರುವ ತನಕ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಅಣ್ಣನವರು ಓದಿದರೆ ಓದಲಿ.

ಅಲ್ಲಿಂದ ಮುಂದೆ ಅವನಿಗೆ ಪುಸ್ತಕದ ಮೇಲೆ ಆಸಕ್ತಿ ಉಳಿಯಲಿಲ್ಲ. ಆದರೆ ನಿಲ್ಲಿಸುವ ಹಾಗೂ ಇರಲಿಲ್ಲ. ಅಕ್ಕ ತನ್ನ ಮದುವೆಯನ್ನು ಅಷ್ಟು ವರ್ಷಗಳ ಮೇಲೆ ನೋಡಿ, ಕೂತು ಅತ್ತು, ಅಣ್ಣನಿಗೆ ಫೋನು ಮಾಡಿ ಸಮಾಧಾನವಾಗಿ ಮಾತಾಡಿದ್ದಳು. ಅಣ್ಣ ಮುನ್ನುಡಿ ಬರೆದು ಕಳಿಸಿದ್ದರು. ಅದರಲ್ಲಿ ತಾಯಿಯ ನಗುವಿನ ಮೇಲೇ ಒಂದು ಪ್ಯಾರಾ ಇತ್ತು. ಯಾರಿಗಾಗಿ ಪುಸ್ತಕವೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ಅದು ಬೇಕಾಗಿತ್ತು. ನಾನು ಸಾಲುಗಳನ್ನು ತಿದ್ದಿದೆ, ಪ್ರೆಸ್ಸಿನವರು ಪುಟ ಕಟ್ಟಿದರು. ಅಷ್ಟರಲ್ಲಿ ಮೇಸ್ತ್ರಿ ಆಸ್ಪತ್ರೆ ಸೇರಿದ.

ಪುಸ್ತಕ ಅಚ್ಚಾಗಿ ಬಂದದ್ದು ಅವನು ಹೋದ ಮೇಲೆ. ಅವನ ಮನೆಯ ಹಜಾರದಲ್ಲೇ ಹಂಚಿದರು, ಈ ಸಲ ಮುಖ ಮೇಲೆ ಮಾಡಿ. ಬಂದವರೆಲ್ಲ ತಂತಮ್ಮ ಮುಖ ಹುಡುಕಿಕೊಂಡರು. ಚಾಪೆಯ ಮೇಲಿನ ಸೂಪರಿಂಟೆಂಡೆಂಟರನ್ನು ಕಂಡು ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಳಿಗೆಯ ಫೋಟೋವನ್ನು ಮೆಚ್ಚದವರಿಲ್ಲ. ಅದೇನು ಹಲ್ಲು, ಮುತ್ತು ಪೋಣಿಸಿದ ಹಾಗೆ, ಆ ಕಾಲದ ಊಟ ಹಾಗಿತ್ತು ಎಂದು ದೂರದ ಸಂಬಂಧಿಯೊಬ್ಬರು ಎಲ್ಲರಿಗೂ ತೋರಿಸಿದರು. ಅಣ್ಣ ಅದನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ್ದಾರೆ. ಈಗ ಅವರ ಹಜಾರದಲ್ಲಿದೆ. ಆ ಮನೆಯ ಮಕ್ಕಳಿಗೆ ತಮ್ಮ ಅಜ್ಜಿಯ ಬಾಯಿ ಅದೇ.

ಮೇಸ್ತ್ರಿಯ ಹೆಂಡತಿ ತಮ್ಮ ಪ್ರತಿಯನ್ನು ಬಿಚ್ಚಲಿಲ್ಲ.

ಅಣ್ಣ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು. "ಎಲ್ಲ ಚೆನ್ನಾಗಿ ಬಂದಿದೆ. ಒಂದೇ ಒಂದು ಎಡವಟ್ಟು. ಅಮ್ಮನ ಮುಖ್ಯವಾದ ಫೋಟೋದ ಕೆಳಗೇ ಪ್ರೆಸ್ಸಿನವರು ಅಮ್ಮ ಅನ್ನೋ ಪದ ನುಂಗಿಹಾಕಿದಾರೆ. ನೀವು ನೋಡಿರ್ಲಿಲ್ವಾ?"

ನೋಡಿದ್ದೆ. ಕೊನೆಯ ಪ್ರೂಫನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋದವನೇ ನಾನು. ಪ್ರತಿ ಪುಟಕ್ಕೂ ಅವನ ಒಪ್ಪಿಗೆ ಬೇಕೆಂದು ಪ್ರೆಸ್ಸಿನವರು ಹೇಳಿದ್ದರು. ಅದು ಸೋಮವಾರ ಮಧ್ಯಾಹ್ನ. ಊಟದ ತಟ್ಟೆ ಇಡುವ ಹಲಗೆಯನ್ನು ಹಾಸಿಗೆಯ ಮೇಲಕ್ಕೆ ಎಳೆದು ಹಾಳೆಗಳನ್ನು ಇಟ್ಟೆ. ಅವನು ನಿಧಾನವಾಗಿ ತಿರುವಿದ. ಸೈಕಲ್ ಅಂಗಡಿ, ಅಪ್ಪ, ಅಕ್ಕನ ಎರಡು ಜಡೆ. ಚಾಪೆಯ ಫೋಟೋ ಬಂದಾಗ ನಗಲು ಹೊರಟು, ಕೆಮ್ಮಿಗೆ ಹೆದರಿ, ಬರೀ ಹೆಗಲು ಕುಣಿಸಿದ. ಮಾಳಿಗೆಯ ಪುಟ ಬಂತು. ಅದರ ಕೆಳಗೆ ನಾನು ಬರೆದ ಸಾಲು ಇತ್ತು: "ಅಮ್ಮ, ಮಾಳಿಗೆಯ ಮೇಲೆ."

ಕೈ ಚಾಚಿದ. ನನ್ನ ಜೇಬಿನ ಪೆನ್ನು ಕೊಟ್ಟೆ. ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದುಕೊಂಡು, ಮೊದಲಿನ ಆ ಒಂದು ಪದವನ್ನು ಉದ್ದಕ್ಕೆ ಹೊಡೆದುಹಾಕಿದ. ಅಂಚಿನಲ್ಲಿ ತನ್ನ ರುಜು ಹಾಕಿದ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ನನ್ನ ಜೇಬಿಗೆ ಸಿಕ್ಕಿಸಿ, ಗೋಡೆಯ ಕಡೆಗೆ ಹೊರಳಿಕೊಂಡ.